ಅನಾನಸ್ ತಂದಿಟ್ಟಿರು

"ತಲೆ ಕಡೆ ಅಲ್ಲ ಅಕ್ಕಾ, ಬುಡ ಮೂಸಿ ನೋಡಿ. ವಾಸನೆ ಇರೋದೆಲ್ಲ ಬುಡದಲ್ಲೇ," ಎಂದ ಹಣ್ಣಿನವನು.

ಅವಳು ಅನಾನಸನ್ನು ತಲೆಕೆಳಗು ಮಾಡಿ ಮೂಗಿನ ಹತ್ತಿರ ಹಿಡಿದಳು. ಹಿಡಿದದ್ದಷ್ಟೇ, ಉಸಿರೆಳೆಯಲಿಲ್ಲ. ಒಂದು ವರ್ಷ ಎರಡು ತಿಂಗಳಿಂದ ಈ ವಾಸನೆ ಬಂದ ಕಡೆಯಿಂದ ರಸ್ತೆ ದಾಟಿ ಆಚೆ ಬದಿಗೆ ನಡೆದುಹೋಗುವುದು ಅವಳಿಗೆ ರೂಢಿಯಾಗಿತ್ತು.

"ಇದು ಕಾಯಿ. ಇದು ಇವತ್ತಿಗೇ ಸರಿ. ಅದು ನಿನ್ನೆಗೆ ಸರಿಯಾಗಿತ್ತು, ಇವತ್ತು ಹೆಂಡ," ಎಂದು ಹಣ್ಣಿನವನು ಮೂರನ್ನು ಸಾಲಾಗಿ ಇಟ್ಟು ತಾನೇ ನಕ್ಕ. ನಡುವಿನ ಹಣ್ಣಿನ ಒಂದು ಎಲೆ ಹಿಡಿದೆಳೆದ. ಸಲೀಸಾಗಿ ಕಿತ್ತುಬಂತು. "ನೋಡಿ, ಕೊಸರಾಟ ಇಲ್ಲ. ಸಿಪ್ಪೆ ತೆಗೆದು ಕುಯ್ದು ಕೊಡ್ಲಾ?"

ಅವನೇ ಕೊಯ್ದುಕೊಟ್ಟರೆ ತನ್ನ ಕೈ ಸೋಕುವುದಿಲ್ಲ ಎಂಬ ಯೋಚನೆ ಬಂತು. ಬಂದ ಮರುಕ್ಷಣವೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

"ಬೇಡ. ನಾನೇ ಕುಯ್ಕೋತೀನಿ."

ಶಾಲೆಯ ಮಕ್ಕಳ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಬಟ್ಟೆ ಕತ್ತರಿಸುವ ಕೆಲಸ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಯಂತ್ರದ ಅಲಗು ಓಡಿಸಬೇಕು. ಗೆರೆ ಒಂದು ಕೂದಲೆಳೆ ಜಾರಿದರೆ ನಲವತ್ತು ಅಂಗಿ ಹಾಳು. ಹದಿನಾರು ವರ್ಷದಲ್ಲಿ ಅವಳು ಜಾರಿದ್ದು ಎರಡು ಸಲ. ಅಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಬೆಳಿಗ್ಗೆ ಅಲ್ಲಿದ್ದಾಗಲೇ ತಂಗಿಯ ಫೋನು ಬಂದದ್ದು. ಹದಿನಾಲ್ಕು ತಿಂಗಳ ಮೇಲೆ ಕೇಳಿದ ದನಿ. "ಮಧ್ಯಾಹ್ನ ಮನೆಗೆ ಬರ್ತೀನಿ. ಅನಾನಸ್ ತಂದಿಟ್ಟಿರು." ಅಷ್ಟು ಹೇಳಿ ಇಟ್ಟುಬಿಟ್ಟಿದ್ದಳು. ಕತ್ತರಿಯಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

ಹೋದ ವರ್ಷ ತಂಗಿ ಬಸುರಿಯಾಗಿ ನಾಲ್ಕು ತಿಂಗಳಾಗಿತ್ತು. ಅನಾನಸ್ ತಿನ್ನಬೇಕು ಅನಿಸ್ತಿದೆ, ಮನೇಲಿ ಅಮ್ಮ ಬಿಡಲ್ಲ ಎಂದು ಅಕ್ಕನ ಮನೆಗೇ ಬಂದಿದ್ದಳು. ಇವಳು ನಾಲ್ಕು ಅಂಗಡಿ ಸುತ್ತಿ, ಇದ್ದುದರಲ್ಲೇ ಚಂದದ ಹಣ್ಣು ತಂದು, ಒಂದು ಕಣ್ಣೂ ಉಳಿಯದ ಹಾಗೆ ಬಿಡಿಸಿ ತಟ್ಟೆಗೆ ಹಾಕಿದ್ದಳು. ಎರಡನೆಯ ದಿನ ತಂಗಿ ಆಸ್ಪತ್ರೆ ಸೇರಿದಳು. ಮಗು ಉಳಿಯಲಿಲ್ಲ. ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ಆದರೆ ಆಸ್ಪತ್ರೆಯ ಓಣಿಯಲ್ಲಿ, ಅಳಿಯನ ಮುಂದೆ, ನರ್ಸುಗಳ ಮುಂದೆ ಅಮ್ಮ ಹೇಳಿದ್ದೇ ಬೇರೆ: "ತನಗಿಲ್ಲ ಅಂತ ತಂಗಿಗೂ ಇಲ್ಲದ ಹಾಗೆ ಮಾಡಿದಳು."

ತಂಗಿಯ ಮನೆಯಲ್ಲೇ ಇದ್ದ ಅಮ್ಮ ಅಲ್ಲಿಂದೀಚೆಗೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ತಂಗಿಯೂ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಕತ್ತರಿಯಕ್ಕ ಚಾಕು ತೊಳೆಯುತ್ತಿದ್ದಳು. ಗಂಡ ಡ್ಯೂಟಿಗೆ ಹೋಗಿದ್ದ. ತಂಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೇಳಿಸಿಕೊಳ್ಳದೆ ಒಳಗೆ ಬಂದು, ಅಡುಗೆಮನೆಯ ಮೇಜಿನ ಎದುರು ಕೂತಳು. ಕೆನ್ನೆ ಇಳಿದಿತ್ತು. ನೆತ್ತಿಯಲ್ಲಿ ನಾಲ್ಕಾರು ಬಿಳಿಕೂದಲು.

"ಕಾಫಿ ಇಡ್ಲಾ?"

"ಬೇಡ. ಹಣ್ಣು ಕುಯ್ಯಿ."

"ಯಾಕೇ? ಏನಾದ್ರೂ... ವಿಶೇಷ ಇದ್ಯಾ?"

"ವಿಶೇಷ ಇದ್ದಿದ್ರೆ ಅಮ್ಮ ನನ್ನ ಬಾಗಿಲು ದಾಟೋಕೆ ಬಿಡ್ತಿದ್ಲಾ? ಕುಯ್ಯಿ ಅಂದ್ನಲ್ಲ."

ಕತ್ತರಿಯಕ್ಕ ಜುಟ್ಟು ಹಿಡಿದು ತಿರುಚಿ ಕಿತ್ತಳು. ತಲೆ, ಬುಡ ಎರಡನ್ನೂ ಒಂದೊಂದು ಬೆರಳಿನಷ್ಟು ತೆಗೆದು ಹಣ್ಣನ್ನು ಹಲಗೆಯ ಮೇಲೆ ನಿಲ್ಲಿಸಿದಳು. ವಾಸನೆ ಕೋಣೆಯೆಲ್ಲ ತುಂಬಿತು. ಈಗ ರಸ್ತೆ ದಾಟಲು ಜಾಗವಿರಲಿಲ್ಲ. ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ತೆಳ್ಳಗೆ ಇಳಿಸುತ್ತ ಹೋದಳು. ಹಳದಿ ಮೈಮೇಲೆ ಕಂದು ಕಣ್ಣುಗಳು ಓರೆ ಸಾಲಾಗಿ ಉಳಿದವು. ಹಣ್ಣನ್ನು ಮಲಗಿಸಿ, ಸಾಲಿನ ಈಚೆಗೊಂದು ಗೀರು, ಆಚೆಗೊಂದು ಗೀರು ಎಳೆದಳು. ನಡುವಿನ ಪಟ್ಟಿ ಕಣ್ಣುಗಳ ಸಮೇತ ಎದ್ದುಬಂತು. ಬೆಳಿಗ್ಗೆ ಗುಂಡುಸೂಜಿ ಚುಚ್ಚಿದ್ದ ಬೆರಳಿಗೆ ರಸ ತಾಗಿ ಚುರುಗುಟ್ಟಿತು.

"ಹಿಂದಿನ ದಿನಾನೇ ಶುರುವಾಗಿತ್ತು," ಎಂದಳು ತಂಗಿ.

"ಏನು?"

"ರಕ್ತ. ಇಲ್ಲಿಗೆ ಬರೋ ಹಿಂದಿನ ದಿನ ಬೆಳಿಗ್ಗೆ. ಸ್ವಲ್ಪಾನೇ. ಯಾರಿಗೂ ಹೇಳಲಿಲ್ಲ."

ಚಾಕು ಎರಡನೆಯ ಸಾಲಿನ ಅರ್ಧದಲ್ಲಿ ನಿಂತಿತು.

"ಡಾಕ್ಟರ ಹತ್ರ ಹೋದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು. ಅದಕ್ಕೇ ಇಲ್ಲಿಗೆ ಬಂದೆ. ನೀನು ಹಾಡು ಗುನುಗ್ತಾ ಕುಯ್ತಿದ್ದೆ. ಅದನ್ನ ನೋಡ್ತಾ ತಿಂದ್ರೆ ಎಲ್ಲಾ ಸರಿ ಇದೆ ಅಂತ ಅನ್ನಿಸ್ತಿತ್ತು." ತಂಗಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅವತ್ತು ಅಮ್ಮ ನಿನ್ನ ಬೈದದ್ದು ಒಳಗೆ ಮಲಗಿದ್ದ ನಂಗೆ ಕೇಳಿಸ್ತು. ಸಮಾಧಾನ ಆಯ್ತು ಕಣೇ ಅಕ್ಕ. ಇನ್ನು ನನ್ನ ಯಾರೂ ಏನೂ ಕೇಳಲ್ಲ ಅಂತ."

"ಒಂದು ವರ್ಷ," ಎಂದಳು ಕತ್ತರಿಯಕ್ಕ.

ಆ ಒಂದು ವರ್ಷದಲ್ಲಿ ಏನೆಲ್ಲ ಆಗಿತ್ತು ಎಂದು ಇವಳಿಗೆ ಹೇಳುವುದು ಹೇಗೆ? ಕೆಳಗಿನ ಮನೆಯವಳು ಹಸುಗೂಸನ್ನು ಎತ್ತಿಕೋ ಎಂದು ಚಾಚಿದಾಗ, ಕೈ ಎಣ್ಣೆಯಾಗಿದೆ ಎಂದು ಸುಳ್ಳು ಹೇಳಿ ಹಿಂದೆ ಸರಿದಿದ್ದಳು. ಜೊತೆಯವಳೊಬ್ಬಳು ಬಸುರಿಯಾದಾಗ ತನ್ನ ಊಟದ ಡಬ್ಬಿ ತೆಗೆದುಕೊಂಡು ದೂರದ ಬೆಂಚಿಗೆ ಹೋಗಿದ್ದಳು. ಅದಕ್ಕೂ ಮುಂಚೆ, ತಂಗಿಗೆ ದಿನ ನಿಂತಿದೆ ಎಂಬ ಸುದ್ದಿ ಬಂದ ಸಂಜೆ ತನಗೆ ಹೊಟ್ಟೆಕಿಚ್ಚಾಗಿದ್ದು ನಿಜ. ಒಂದೇ ಸಂಜೆ. ಅಮ್ಮನ ಮಾತಿನ ಮೇಲೆ ಆ ಸಂಜೆಯನ್ನು ಹುಡುಕಿ ತೆಗೆದು, ಆ ಕಿಚ್ಚೇ ಕೈಗಿಳಿದು ಹಣ್ಣಿಗೆ ಹೋಗಿರಬೇಕು ಎಂದು ಎಷ್ಟು ಸಲ ಲೆಕ್ಕ ಹಾಕಿದ್ದಳೋ.

"ನಾನೂ ನಂಬಿಬಿಟ್ಟಿದ್ದೆ ಕಣೇ," ಎಂದಳು ಕೊನೆಗೆ. "ನಾನೇ ಮಾಡಿದೆ ಅಂತ ನಂಬಿದ್ದೆ."

ತಂಗಿ ತಲೆ ಎತ್ತಲಿಲ್ಲ. "ನಿನ್ನೆ ಪಕ್ಕದ ಮನೆ ಹುಡುಗಿ ಬಂದಿದ್ಲು. ಐದು ತಿಂಗಳು ಅವಳಿಗೆ. ಅಮ್ಮ ಬುದ್ಧಿ ಹೇಳ್ತಾ ಕೂತ್ಲು, ಕಂಡೋರ ಕೈಯಿಂದ ಏನೂ ತಿನ್ನಬೇಡ, ನನ್ನ ದೊಡ್ಡ ಮಗಳು ಮಾಡಿದ್ದು ಕೇಳು ಅಂತ. ನಾನು ಅಲ್ಲೇ ಬಟ್ಟೆ ಮಡಿಸ್ತಿದ್ದೆ. ಹೌದಾ ಅಂತ ಆ ಹುಡುಗಿ ನನ್ನ ಮುಖ ನೋಡಿದ್ಲು." ಮೇಜಿನ ಮೇಲಿದ್ದ ಸಿಪ್ಪೆಯ ಚೂರೊಂದನ್ನು ಬೆರಳಿನಿಂದ ದೂಡಿದಳು. "ನಾನು ಹೌದು ಅಂತ ತಲೆ ಆಡಿಸ್ದೆ ಅಕ್ಕ. ರಾತ್ರಿಯೆಲ್ಲ ಆ ತಲೆ ಆಡಿಸಿದ್ದೇ ಕಣ್ಮುಂದೆ."

ಕತ್ತರಿಯಕ್ಕ ಚಾಕು ಕೆಳಗಿಟ್ಟಳು. "ಎದ್ದು ಹೋಗು."

ತಂಗಿ ಏಳಲಿಲ್ಲ.

"ಹೋಗು ಅಂದೆ. ನನ್ನ ಬಾಯಲ್ಲಿ ಏನಾದ್ರೂ ಬರೋಕ್ಕಿಂತ ಮುಂಚೆ ಹೋಗು."

"ಬೈಯಿ. ಬೈಸ್ಕೊಳ್ಳೋಕೇ ಬಂದಿದ್ದು."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಕತ್ತರಿಯಕ್ಕ ಮತ್ತೆ ಚಾಕು ಎತ್ತಿಕೊಂಡು ಉಳಿದ ಸಾಲುಗಳನ್ನು ತೆಗೆಯತೊಡಗಿದಳು. ಗೀರುಗಳು ಆಳವಾಗಿಬಿಟ್ಟವು. ಒಂದೊಂದು ಕಣ್ಣಿನ ಜೊತೆ ಹಣ್ಣೂ ಹೋಗುತ್ತಿತ್ತು.

"ಅಮ್ಮಂಗೆ ಹೇಳಿದ್ಯಾ?"

"ಇಲ್ಲ. ಹೇಳ್ತೀನಿ. ಒಳ್ಳೆ ಸಮಯ ನೋಡ್ಕೊಂಡು..."

"ಈಗ ಹೇಳು. ಇಲ್ಲಿಂದಲೇ. ನನ್ನೆದುರಿಗೆ."

ತಂಗಿ ಫೋನನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡಳು. ಆಮೇಲೆ ಅಮ್ಮನ ನಂಬರ್ ಒತ್ತಿ ಕಿವಿಗೆ ಹಿಡಿದಳು. ಅಮ್ಮ ಎತ್ತಿಕೊಂಡಿದ್ದು ತಂಗಿಯ ಮುಖದಲ್ಲೇ ಗೊತ್ತಾಯಿತು. "ಅಕ್ಕನ ಮನೇಲಿದ್ದೀನಿ ಅಮ್ಮ... ಇಲ್ಲ, ಮಧ್ಯೆ ಮಾತಾಡ್ಬೇಡ. ಮೊದಲು ಕೇಳು," ಎಂದು ಶುರುಮಾಡಿ, ಎದುರಿನ ಗೋಡೆಯನ್ನು ನೋಡುತ್ತ, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಹಿಂದಿನ ದಿನದ ರಕ್ತ. ಮುಚ್ಚಿಟ್ಟದ್ದು. ನಿನ್ನೆ ತಲೆ ಆಡಿಸಿದ್ದು. ನಡುವೆ ಎರಡು ಸಲ ಮೂಗು ಒರೆಸಿಕೊಂಡಳು.

"ಅಮ್ಮಾ? ಇದ್ದೀಯಾ?"

ಕತ್ತರಿಯಕ್ಕ ಹಣ್ಣನ್ನು ನಾಲ್ಕು ಸೀಳು ಮಾಡಿದ್ದಳು. ನಡುವಿನ ದಿಂಡನ್ನು ತೆಗೆಯುತ್ತಿದ್ದಳು.

"ನಿನ್ನ ಹತ್ರ ಕೊಡು ಅಂತಿದ್ದಾಳೆ," ಎಂದಳು ತಂಗಿ.

"ಕೈ ಎಲ್ಲಾ ರಸ."

ತಂಗಿ ಎದ್ದು ಮೇಜು ಸುತ್ತಿ ಬಂದು, ಫೋನನ್ನು ಅಕ್ಕನ ಕಿವಿಗೆ ಹಿಡಿದು ನಿಂತಳು. ಮೊದಲು ಅಮ್ಮನ ಏದುಸಿರು ಮಾತ್ರ ಕೇಳಿಸಿತು. ದೂರದಲ್ಲಿ ನಲ್ಲಿಯ ನೀರು ಬೀಳುವ ಸದ್ದು. ಗಂಟಲು ಸರಿಮಾಡಿಕೊಂಡದ್ದು. ಆಮೇಲೆ, ಬೆಳಿಗ್ಗೆಯಷ್ಟೇ ಮಾತಾಡಿದವಳ ಹಾಗೆ, ಅಮ್ಮ ಕೇಳಿದಳು:

"ಊಟ ಆಯ್ತಾ?"

ಕತ್ತರಿಯಕ್ಕ ಎರಡೂ ಕೈಗಳನ್ನು ಯಾವುದಕ್ಕೂ ತಾಗದಂತೆ ಎತ್ತಿಹಿಡಿದು ಹಾಗೇ ನಿಂತಿದ್ದಳು. ರಸ ಮಣಿಕಟ್ಟಿನಿಂದ ಮೊಣಕೈಗೆ ಸಣ್ಣ ಗೆರೆಯಾಗಿ ಇಳಿದು, ಅಲ್ಲಿಂದ ತಂಗಿಯ ಬರಿಗಾಲಿನ ಮೇಲೆ ಒಂದೊಂದೇ ಹನಿ ಬೀಳುತ್ತಿತ್ತು. ತಂಗಿ ಕಾಲು ಸರಿಸಲಿಲ್ಲ.