ಕಳಿಸಿಕೊಡುವ ಮಾತು

ನಾಲಿಗೆಯ ತುದಿ ಮೇಲ್ದುಟಿಗೆ ತಾಗಬೇಕು, ಹಲ್ಲಿಗಲ್ಲ. ಊರಿನ ನುಡಿಯ ಬಗ್ಗೆ ತಾನೇ ಬರೆದ ಪುಸ್ತಕದ ಹನ್ನೊಂದನೆಯ ಪುಟದಲ್ಲಿ, ಆ ನುಡಿಯದೇ ಆದ ಒಂದು ಸದ್ದಿನ ಬಗ್ಗೆ ಹೀಗಿದೆ. ಈಗ ಅಮ್ಮನ ಹೆಣದ ತಲೆದೆಸೆಯಲ್ಲಿ ಕೂತ ರೊಲಾಂಡ್ ವುರಾನ ನಾಲಿಗೆ ಹಲ್ಲಿನ ಹಿಂದಿನಿಂದ ಹೊರಗೆ ಬರುತ್ತಿರಲಿಲ್ಲ.

ರಾಜಧಾನಿ ಪೋರ್ಟ್ ವಿಲಾದಿಂದ ಬಂದ ಹಡಗು ಬೆಳಿಗ್ಗೆ ಅವನನ್ನು ದ್ವೀಪದಲ್ಲಿ ಇಳಿಸಿದಾಗಿನಿಂದ ಎಲ್ಲರೂ ಅವನ ಬಾಯನ್ನೇ ಕಾಯುತ್ತಿದ್ದರು. ಹೆಣ ಸುತ್ತಿದ ಚಾಪೆಯ ಅಂಚನ್ನು ಅಮ್ಮನ ಮುಖದ ಮೇಲೆ ಮಡಿಸುವ ಮುಂಚೆ ಮಗ ಅವಳನ್ನು ಕಳಿಸಿಕೊಡಬೇಕು, ಊರಿನ ಮಾತಿನಲ್ಲೇ. ಮಗ ಕಳಿಸಿದರೆ ಗಂಡ ಇರುವಲ್ಲಿಗೆ ಹೋಗುತ್ತಾಳೆ. ಮಗನಿಗೆ ಆ ಮಾತು ಬಾರದಿದ್ದರೆ ಅವಳ ತಮ್ಮ ಕಳಿಸುತ್ತಾನೆ. ಆಗ ಅವಳು ತವರಿಗೆ ಹೋಗುತ್ತಾಳೆ, ಮದುವೆಯೇ ಆಗದವಳ ಹಾಗೆ, ಯಾರನ್ನೂ ಹೆರದವಳ ಹಾಗೆ.

ಈ ಕಳಿಸಿಕೊಡುವ ಮಾತನ್ನು ಸತ್ತವರ ಮುಂದಲ್ಲದೆ ಬೇರೆಲ್ಲೂ ಆಡುವಂತಿಲ್ಲ. ದೊಡ್ಡಪ್ಪ ಅಪ್ಪನನ್ನು ಕಳಿಸಿಕೊಟ್ಟ ದಿನ ರೊಲಾಂಡ್ ದೂರದಲ್ಲಿ ಪರೀಕ್ಷೆ ಬರೆಯುತ್ತಿದ್ದ, ಆ ಮಾತು ಅವನ ಕಿವಿಗೆ ಬೀಳಲಿಲ್ಲ.

ಅಮ್ಮನ ದನಿ ಅವನ ಹತ್ತಿರ ಇನ್ನೂರು ಗಂಟೆ ಇತ್ತು. ಪ್ರತಿ ರಜೆಯಲ್ಲೂ ರೆಕಾರ್ಡರ್ ಇಟ್ಟುಕೊಂಡು ಎದುರು ಕೂರುತ್ತಿದ್ದ. 'ಹೆಂಗಸು ಹೋಗುತ್ತಾಳೆ' ಅನ್ನು, 'ಹೆಂಗಸು ಹೋಗಿದ್ದಿದ್ದರೆ' ಅನ್ನು ಎಂದು ಕೇಳುತ್ತಿದ್ದ. ಯಾವ ಹೆಂಗಸು, ಅವಳಿಗೊಂದು ಹೆಸರಿಲ್ಲವೇ, ಈ ಮಳೆಯಲ್ಲಿ ಎಲ್ಲಿಗೆ ಹೊರಟಳು ಎಂದು ಅಮ್ಮ ನಗುತ್ತಿದ್ದಳು. ಅವಳು ತನ್ನ ಮೊಣಕಾಲು ನೋವಿನ ಮಾತು ತೆಗೆದರೆ ಅವನು ರೆಕಾರ್ಡರ್ ನಿಲ್ಲಿಸುತ್ತಿದ್ದ. ಬ್ಯಾಟರಿ ಉಳಿಯಲಿ ಎಂದು.

ತುಟಿಯ ಆ ಸದ್ದು ಅವನಿಂದ ಹೋದದ್ದು ದೊಡ್ಡ ದ್ವೀಪದ ಶಾಲೆಯಲ್ಲಿ. ನೆಕ್ಕುವ ನಾಯಿ ಎಂದು ಹುಡುಗರು ಹೆಸರಿಟ್ಟರು. ನಾಲಿಗೆ ಒಳಗೆ ಹೋಯಿತು. ರಜೆಗೆ ಮನೆಗೆ ಬಂದಾಗಲೂ ಒಳಗೇ ಇತ್ತು.

ಬಿಸಿಲು ಇಳಿಯಿತು. ಕೊನೆಗೂ ಅವನು ನಾಲಿಗೆಯನ್ನು ತುಟಿಗೊತ್ತಿ, ಪದಗಳನ್ನು ಜೋಡಿಸಿ, ಒಂದು ವಾಕ್ಯ ಹೇಳಿದ. ತಪ್ಪೇನೂ ಇರಲಿಲ್ಲ. ಅಳುತ್ತಿದ್ದ ಹೆಂಗಸರು ಒಂದು ಕ್ಷಣ ನಿಲ್ಲಿಸಿ ಆಲಿಸಿದರು, ಮತ್ತೆ ಅಳತೊಡಗಿದರು. ಯಾರೂ ಚಾಪೆ ಮುಟ್ಟಲಿಲ್ಲ.

ಸೋದರಮಾವ ವಿರಾಲಿವ್ ಹತ್ತಿರ ಸರಿದು ಕೂತ.

"ಸರಿಯಾಗೇ ಹೇಳ್ದೆ ಅಳಿಯ. ಯಾರಿಗ್ ಹೇಳ್ದೆ?"

"ಅಮ್ಮಂಗೆ."

"ಅಮ್ಮಂಗೆ ಹೇಳ್ದ ಹಾಗಿರ್ಲಿಲ್ಲಪ್ಪ. ದೊಡ್ಡ ಮಾತೇನ್ ಬೇಡ. ನೀವಿಬ್ರೇ ಕೂತಾಗ ಏನ್ ಮಾತಾಡ್ಕೋತಿದ್ರಿ, ಅದನ್ನೇ ಹೇಳು. ಕೇಳ್ಕೊಂಡು ಹೊರಡ್ತಾಳೆ."

ರೊಲಾಂಡ್ ಹುಡುಕಿದ. ಸಿಕ್ಕಿದ್ದು ಒಂದೇ: ಇನ್ನೊಂದು ಸಲ ಹೇಳು, ನಿಧಾನವಾಗಿ.

ಕೊನೆಗೆ ಮಾವ ಅವನ ಭುಜ ಹಿಡಿದು, ನಿದ್ದೆ ಬಂದ ಮಗುವನ್ನು ಸರಿಸುವಂತೆ ಮೆಲ್ಲಗೆ ಸರಿಸಿ, ಆ ಜಾಗದಲ್ಲಿ ತಾನು ಕೂತ.

"ಅಕ್ಕಾ, ಹೊತ್ತಾಯ್ತು ನಡಿ. ನಮ್ಮಪ್ಪ ಬಾಗ್ಲಲ್ಲೇ ನಿಂತಿರ್ತಾನೆ."

ಎಲ್ಲಿ ಹೋಗಬೇಕೆಂದು ತಿಳಿಯದೆ ರೊಲಾಂಡ್ ಬೇರೆ ದ್ವೀಪಗಳಿಂದ ಬಂದವರ ಸಾಲಿನ ಕೊನೆಯಲ್ಲಿ ಕೂತ. ಮಣ್ಣಾಗುವ ತನಕ ಮನೆಯವರು ಊಟ ಮುಟ್ಟುವುದಿಲ್ಲ. ಹೊರಗಿನಿಂದ ಬಂದವರಿಗೆ ಬಡಿಸುತ್ತಾರೆ. ಹತ್ತು ವರ್ಷ ಅಮ್ಮನನ್ನು ನೋಡಿಕೊಂಡ ತಂಗಿ ಲೈರಾನ್ ಸಾಲಿನುದ್ದಕ್ಕೂ ಬಡಿಸುತ್ತ ಬಂದಳು. ಅವಳ ಅಳು ನಿಂತಿತ್ತು. ಅವನ ಮುಂದೆಯೂ ಬಾಗಿ, ತೆಂಗಿನಹಾಲಿನಲ್ಲಿ ಬೆಂದ ಗೆಣಸಿನ ಲಪ್‌ಲಪ್ ಕಡುಬು ಸುತ್ತಿದ ಎಲೆಯೊಂದನ್ನು ಇಟ್ಟಳು.

"ಇಷ್ಟು ಸಾಕಾ, ಇನ್ನೂ ಸ್ವಲ್ಪ ಹಾಕ್ಲಾ ನಿಮ್ಗೆ?" ಎಂದು, ಊರಿನ ಮಾತು ಬಿಟ್ಟು, ಪೇಟೆಯ ಮಾತಿನಲ್ಲಿ ಕೇಳಿದಳು.

ಸಾಕು ಎಂದ. ಎಲೆ ಇನ್ನೂ ಬಿಸಿಯಾಗಿತ್ತು. ಅವನಿಗೆ ಹಸಿವಾಗಿತ್ತು. ಅದನ್ನು ಹತ್ತಿರಕ್ಕೆ ಎಳೆದುಕೊಂಡು ಬಿಚ್ಚತೊಡಗಿದ.