ಹೆಜ್ಜೇನಿನ ಪ್ರಾಜೆಕ್ಟು

ಭುವನೇಶ್ವರಿಗೆ ಮೊದಲು ಹೆದರಿಕೆ ಹುಟ್ಟಿದ್ದು ನೀಲಗಿರಿ ಹೂವಿನ ಪರಾಗದಿಂದ. ಅವಳ ಗೈಡ್ ಪ್ರೊಫೆಸರ್ ರುದ್ರಮುನಿಯವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಸ್ವಲ್ಪ ಹೊತ್ತು ನೋಡಿ, "ತೆಂಗು, ಬರ್ಕೋ" ಅಂದರು. ನೀಲಗಿರಿಯ ಪರಾಗಕ್ಕೆ ಮೂರು ಮೂಲೆ. ತೆಂಗಿನದು ದೋಣಿಯ ಹಾಗೆ ಉದ್ದ. ಲ್ಯಾಬಿಗೆ ಸೇರಿದ ಹೊಸದರಲ್ಲೇ ಅದನ್ನು ಅವಳಿಗೆ ಕಲಿಸಿದವರು ಅವರೇ. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು ಅವಳು ನಕ್ಕಳು. ಅವರು ನಗಲಿಲ್ಲ. ಅವಳು ಪೆನ್ನು ಹಿಡಿದು ಸುಮ್ಮನೆ ನಿಂತಿದ್ದನ್ನು ನೋಡಿ ಮತ್ತೆ ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು, ತಮ್ಮ ಕೋಣೆಗೆ ಹೋದರು.

ಅವಳು ಸ್ಲೈಡಿನ ಮೇಲೆ ನೀಲಗಿರಿ ಎಂದೇ ಬರೆದಳು.

ಕೆಂಗೇರಿಯಾಚೆಗಿನ ಆ ವಿಶ್ವವಿದ್ಯಾಲಯದಲ್ಲಿ ರುದ್ರಮುನಿಯವರನ್ನು ಎಲ್ಲರೂ ಜೇನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬಸವೇಶ್ವರನಗರ, ರಾಜಾಜಿನಗರದ ಕಡೆ ಅಪಾರ್ಟ್‌ಮೆಂಟುಗಳ ನೀರಿನ ಟ್ಯಾಂಕಿನಡಿ ಗೂಡು ಕಟ್ಟುವ ಹೆಜ್ಜೇನು ಯಾವ ಮರಗಳನ್ನು ನೆಚ್ಚಿಕೊಂಡು ಬದುಕುತ್ತದೆ ಎನ್ನುವುದು ಅವರ ಪ್ರಾಜೆಕ್ಟು. ಗೂಡಿನಿಂದ ಒಂದಿಷ್ಟು ತುಪ್ಪ ತಂದು, ಅದರಲ್ಲಿನ ಪರಾಗವನ್ನು ಬೇರ್ಪಡಿಸಿ, ಯಾವ ಹೂವಿನದೆಂದು ಗುರುತು ಹಿಡಿಯುವುದು ಭುವನೇಶ್ವರಿಯ ಕೆಲಸ. ಅವಳ ಊರು ಗಜೇಂದ್ರಗಡ. ಎಮ್ಮೆಸ್ಸಿ ಮುಗಿಸಿ ಬಂದವಳು ಮೂಡಲಪಾಳ್ಯದ ಒಂದು ಪೀಜಿಯಲ್ಲಿದ್ದುಕೊಂಡು ಪಿಎಚ್‌ಡಿ ಮಾಡುತ್ತಿದ್ದಳು. ಫೆಲೋಶಿಪ್ ಬರುತ್ತಿದ್ದುದು ಆ ಪ್ರಾಜೆಕ್ಟಿನಿಂದ. ಪ್ರಾಜೆಕ್ಟು ಮುಂದುವರಿದರೆ ಫೆಲೋಶಿಪ್ಪೂ ಮುಂದುವರಿಯುತ್ತಿತ್ತು. ಅದೂ ಅಲ್ಲದೆ, ಮುಂದುವರಿದ ಪ್ರತಿಯೊಂದು ಪ್ರಾಜೆಕ್ಟಿನಿಂದ ಒಬ್ಬ ಎಳೆಯ ಸಂಶೋಧಕರನ್ನು ಹೊರದೇಶದ ಲ್ಯಾಬಿಗೆ ತರಬೇತಿಗೆ ಕಳಿಸುವ ಯೋಜನೆಯೊಂದಿತ್ತು. ರುದ್ರಮುನಿಯವರು ಅವಳ ಹೆಸರು ಕೊಟ್ಟಿದ್ದರು. ಸ್ಪೇನಿನ ಒಂದು ಪರಾಗ ಪ್ರಯೋಗಾಲಯ. ನಿಧಿ ಕೊಡುವ ಸಂಸ್ಥೆಯ ಪರಿಶೀಲನಾ ಸಮಿತಿ ಬರುವ ಗುರುವಾರ ಕೂಡಲಿತ್ತು.

ನೀಲಗಿರಿಯದು ಒಂದೇ ಸಲ ಆಗಿದ್ದರೆ ಮರೆತುಬಿಡುತ್ತಿದ್ದಳೇನೋ. ಆದರೆ ಅದಾದ ಮೇಲೆ ಅವಳ ಕಣ್ಣು ಅವರ ಮೇಲೇ ಇರತೊಡಗಿತು. ಕೇಳಿದ ಪ್ರಶ್ನೆಯನ್ನೇ ಊಟದ ಹೊತ್ತಿಗೆ ಮತ್ತೆ ಕೇಳುತ್ತಿದ್ದರು. ಇಪ್ಪತ್ತು ವರ್ಷ ಪಾಠ ಮಾಡಿದ ಕ್ಲಾಸ್ ರೂಮನ್ನು ದಾಟಿ ಮುಂದೆ ಹೋಗಿ, ತಿರುಗಿ ಬರುತ್ತಿದ್ದರು. ಒಂದು ಸಂಜೆ ಕೆಂಗೇರಿ ಮೆಟ್ರೋ ನಿಲ್ದಾಣದಲ್ಲಿ ಅವಳ ಪಕ್ಕಕ್ಕೆ ಬಂದು ನಿಂತು, ತಮ್ಮ ಮನೆಗೆ ಹೋಗುವ ರೈಲು ಯಾವ ಕಡೆಯದು ಎಂದು ಮೆಲ್ಲಗೆ ಕೇಳಿದರು. ಅವಳು ಅವರನ್ನು ಹತ್ತಿಸಿಕೊಂಡು ವಿಜಯನಗರದವರೆಗೂ ಹೋಗಿ, ಆಟೋಗೆ ಕೂರಿಸಿ ವಾಪಸ್ಸು ಬಂದಳು. ದಾರಿಯುದ್ದಕ್ಕೂ ಅವರು ಹೆಜ್ಜೇನಿನ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ತನಗೇ ಏನೋ ಭ್ರಮೆ ಅನ್ನಿಸಿತು ಅವಳಿಗೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಪ್ರಾಜೆಕ್ಟು ಹೋಗುತ್ತದೆ ಎನ್ನುವ ಹೆದರಿಕೆ. ಹೇಳದಿದ್ದರೆ ಗುರುವಾರ ಸಮಿತಿಯ ಮುಂದೆ ಅವರು ಏನಾಗುತ್ತಾರೋ ಎನ್ನುವುದು ಇನ್ನೊಂದು ಹೆದರಿಕೆ. ಇವೆರಡರ ನಡುವೆ ತನಗೆ ಸ್ಪೇನಿನದೇ ಚಿಂತೆ ಹೆಚ್ಚಾಗಿದೆಯಲ್ಲ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಭಾನುವಾರ ಬೆಳಿಗ್ಗೆ ರುದ್ರಮುನಿಯವರ ಹೆಂಡತಿ ಸತ್ಯವತಿ ಫೋನ್ ಮಾಡಿ ತಿಂಡಿಗೆ ಬರಬೇಕೆಂದು ಕರೆದರು. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಗಟ್ಟಿ ಹೆಂಗಸು, ಸುತ್ತಿಬಳಸಿ ಮಾತಾಡುವವರಲ್ಲ. ಬಸವೇಶ್ವರನಗರದ ಆ ಮನೆಗೆ ಹೋದಾಗ ಭುವನೇಶ್ವರಿಯನ್ನು ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿದರು. ಒಲೆಯ ಮೇಲೆ ಉಪ್ಪಿಟ್ಟಿನ ಒಗ್ಗರಣೆ ಸೀಯುತ್ತಿದ್ದರೂ ಗಮನಿಸಲಿಲ್ಲ.

"ನಿಂಗೆ ಗೊತ್ತಾಗಿದೆ ಅಂತ ನಂಗೊತ್ತು," ಅಂದರು. "ಡಾಕ್ಟ್ರು ಹೇಳಿದಾರೆ. ಮರೆವಿನ ಕಾಯಿಲೆ. ಈ ವಯಸ್ಸಿಗೆ ಬರೋದು ಅಪರೂಪವಂತೆ, ಬಂದ್ರೆ ಬೇಗ ಬೇಗ ಮುಂದುವರಿಯುತ್ತಂತೆ. ಗುರುವಾರ ಮುಗಿಯೋವರ್ಗೂ ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ."

ಹಾಗಾದರೆ ತನಗೇಕೆ ಹೇಳುತ್ತಿದ್ದೀರಿ ಎಂದು ಕೇಳಬೇಕೆಂದುಕೊಂಡಳು ಭುವನೇಶ್ವರಿ. ಉತ್ತರ ಸತ್ಯವತಿಯವರ ಮುಖದಲ್ಲೇ ಇತ್ತು. ಗುರುವಾರ ಅವರ ಪಕ್ಕ ಕೂರುವವಳು ಅವಳೇ. ಮರೆತದ್ದನ್ನು ನೆನಪಿಸಬೇಕಾದವಳೂ ಅವಳೇ.

ಅವತ್ತು ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳೂ ಮೇಷ್ಟ್ರೂ ಗುರುವಾರ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದರು. ಮೊದಲ ಸಲ ರುದ್ರಮುನಿಯವರು ಎಲ್ಲೂ ತಡವರಿಸಲಿಲ್ಲ. ಅವಳ ಎದೆ ಹಗುರವಾಯಿತು. ಎರಡನೇ ಸಲ, ರಾಜಾಜಿನಗರದ ಗೂಡುಗಳ ನಕ್ಷೆ ಬಂದಾಗ ಮಾತು ನಿಂತಿತು. ಅವರು ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. ಅಪರಿಚಿತರನ್ನು ಮಾತಾಡಿಸುವ ಸೌಜನ್ಯದಿಂದ ಕೇಳಿದರು:

"ನೀವು ಯಾರ ಸ್ಟೂಡೆಂಟಮ್ಮ?"

ಬಾಗಿಲಲ್ಲಿ ನಿಂತಿದ್ದ ಸತ್ಯವತಿ ಸೆರಗಿನ ತುದಿಯನ್ನು ಹಿಡಿದುಕೊಂಡರು. "ನಿಮ್ಮ ಸ್ಟೂಡೆಂಟ್ ರೀ ಸರ್, ಭುವನಾ," ಎಂದು ಭುವನೇಶ್ವರಿ ಹೇಳುವಷ್ಟರಲ್ಲಿ ಮೇಷ್ಟ್ರ ಕಣ್ಣಿಗೆ ಬೆಳಕು ವಾಪಸ್ಸು ಬಂದಿತ್ತು. ಏನು ಕೇಳಿದೆನೆಂಬುದೂ ಅವರಿಗೆ ನೆನಪಿತ್ತು, ಅದು ಅವರ ಮುಖದಲ್ಲಿ ಕಂಡಿತು. ಲ್ಯಾಪ್‌ಟಾಪ್ ಮುಚ್ಚಿದರು.

"ಭಯ ಆಗತ್ತೆ ಕಣಮ್ಮ," ಅಂದರು. "ಬೆಳಿಗ್ಗೆ ಎದ್ದ ತಕ್ಷಣ ಮೊದ್ಲು ಏನೇನು ನೆನಪಿದೆ ಅಂತ ಹುಡುಕ್ಕೋತೀನಿ."

ಆಗಲೇ ಅವಳಿಗೆ ಹೇಳಬೇಕೆನ್ನಿಸಿದ್ದು. ಹೇಳಬಾರದೆಂದು ಅವಳೊಳಗಿನ ಪ್ರತಿಯೊಂದು ನರವೂ ಎಳೆಯುತ್ತಿತ್ತು. ಆದರೂ ಹೇಳಿದಳು. ಹೆದರಿದಾಗಲೆಲ್ಲ ಆಗುವಂತೆ ನಾಲಿಗೆ ಊರಿನ ಮಾತಿಗೆ ಹೊರಳಿತು.

"ಸರ್, ಸಮಿತಿಯವರಿಗೆ ನೀವ ಮೊದಲಿಗೆ ಹೇಳಿಬಿಡ್ರಿ. ಅಲ್ಲೆ ನಿಂತು ಹಿಂಗಾದ್ರ ನನಗ ನೋಡಾಕಾಗೂದಿಲ್ಲರಿ."

ಅವರ ಮುಖ ಕಪ್ಪಿಟ್ಟಿತು. ಮೂರು ವರ್ಷದಲ್ಲಿ ಒಮ್ಮೆಯೂ ದನಿಯೆತ್ತದವರು, ತಮ್ಮ ಪ್ರಾಜೆಕ್ಟನ್ನು ಹೇಗೆ ನಡೆಸಬೇಕೆಂದು ಅವಳಿಂದ ಕಲಿಯಬೇಕಾಗಿಲ್ಲ, ಇನ್ನು ಹೊರಡಬಹುದು ಎಂದರು. ಅವಳು ಚಪ್ಪಲಿ ಹಾಕಿಕೊಳ್ಳುವಾಗ ಸತ್ಯವತಿ ಡಬ್ಬಿಯಲ್ಲಿ ಉಪ್ಪಿಟ್ಟು ಹಾಕಿ ತಂದು ಕೈಗಿಟ್ಟರು.

ಸೋಮವಾರ ರುದ್ರಮುನಿಯವರು ಲ್ಯಾಬಿಗೆ ಬರಲಿಲ್ಲ. ಮಂಗಳವಾರ, ಬುಧವಾರವೂ ಇಲ್ಲ. ಮೆಸೇಜು ನೋಡಿದ ಗುರುತು ಬಿದ್ದರೂ ಉತ್ತರವಿಲ್ಲ. ತಾನು ಕೆಡಿಸಿದೆ, ತರಬೇತಿಗೆ ಕೊಟ್ಟ ತನ್ನ ಹೆಸರನ್ನು ಅವರು ವಾಪಸ್ಸು ತೆಗೆದುಕೊಂಡಿರಬೇಕು, ಗೈಡ್ ಕೈಬಿಟ್ಟ ಹುಡುಗಿಯನ್ನು ಇನ್ನೊಬ್ಬರು ಸೇರಿಸಿಕೊಳ್ಳುವುದಿಲ್ಲ ಎಂದು ಹೀಗೇ ಅವಳ ತಲೆ ಓಡುತ್ತಿತ್ತು. ಅವ್ವ ಫೋನ್ ಮಾಡಿದಾಗ ಶೀತ ಆಗಿದೆ ಎಂದು ಸುಳ್ಳು ಹೇಳಿದಳು.

ಗುರುವಾರ ರುದ್ರಮುನಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಅವಳ ಕಡೆ ನೋಡಲಿಲ್ಲ. ಸಮಿತಿಯಲ್ಲಿ ಐದು ಜನ. ಅಧ್ಯಕ್ಷೆ ಜಗದಾಂಬಾ ಎಂಬ ಹಿರಿಯ ವಿಜ್ಞಾನಿ. ಮಾತು ಕಡಿಮೆ, ಪ್ರಶ್ನೆ ಖಡಕ್ಕು ಎಂದು ಹೆಸರಾದವರು. ಗಾಜಿನ ಲೋಟಗಳು, ಏಸಿಯ ತಣ್ಣನೆಯ ಗಾಳಿ, ಗೋಡೆಯ ಮೇಲೆ ಹೆಜ್ಜೇನಿನ ಚಿತ್ರ.

ರುದ್ರಮುನಿಯವರು ಶುರುಮಾಡಿದರು. ಭಾನುವಾರಕ್ಕಿಂತ ಚೆನ್ನಾಗಿತ್ತು. ಹಳೆಯ ಮರಗಳನ್ನು ಕಡಿದ ರಸ್ತೆಗಳ ಆಸುಪಾಸಿನಲ್ಲಿ ಗೂಡುಗಳು ಹೇಗೆ ಕಡಿಮೆಯಾದವು ಎಂದು ಅವರು ವಿವರಿಸುವಾಗ ಸಮಿತಿಯವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಭುವನೇಶ್ವರಿ ಮೇಜಿನಡಿ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಒಂದು ವಾಕ್ಯ ಸಿಕ್ಕಿಕೊಂಡಿತು. ಅವಳು ಮೆಲ್ಲನೆ ಮುಂದಿನ ಪದ ಹೇಳಿಕೊಟ್ಟಳು. ಅವರು ಎತ್ತಿಕೊಂಡು ಮುಂದುವರಿಸಿದರು. ಇನ್ನೊಂದು ಸಿಕ್ಕಿತು. ಮತ್ತೆ ಹೇಳಿಕೊಟ್ಟಳು. ಜಗದಾಂಬಾ ಅವರ ಕಣ್ಣು ಈ ಸಲ ಅವಳ ಮೇಲೆ ಬಿತ್ತು.

ಆಮೇಲೆ ಅವರು ಒಂದು ಸರಳ ಪ್ರಶ್ನೆ ಕೇಳಿದರು. ಬೇಸಿಗೆಯಲ್ಲಿ ಸಿಕ್ಕ ಪರಾಗದಲ್ಲಿ ಹೊಂಗೆಯ ಪಾಲು ಎಷ್ಟು? ರುದ್ರಮುನಿಯವರು ನಿರರ್ಗಳವಾಗಿ ಉತ್ತರಿಸತೊಡಗಿದರು. ಕೇಳುತ್ತ ಕೇಳುತ್ತ ಭುವನೇಶ್ವರಿಗೆ ಗೊತ್ತಾಯಿತು. ಅವರು ಹೇಳುತ್ತಿದ್ದುದು ಸೂರ್ಯಕಾಂತಿ ಹೊಲಗಳ ಬಗ್ಗೆ, ಅವಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಅವರು ಮಾಡಿ ಮುಗಿಸಿದ ಬೇರೊಂದು ಪ್ರಾಜೆಕ್ಟು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಪೆನ್ನಿಗೆ ಮುಚ್ಚಳ ಹಾಕಿದರು. ಅವಳು ಅಡ್ಡ ಬಾಯಿ ಹಾಕಬೇಕೆಂದುಕೊಂಡಳು.

ಅಷ್ಟರಲ್ಲಿ ರುದ್ರಮುನಿಯವರೇ ನಿಲ್ಲಿಸಿದರು. ಎದುರಿನ ಮುಖಗಳನ್ನು ಒಂದೊಂದಾಗಿ ನೋಡಿದರು, ಕೊನೆಗೆ ಅವಳನ್ನು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ಕನ್ನಡಕ್ಕೆ ಬಂದರು.

"ಏನೋ ತಪ್ಪು ಹೇಳ್ದೆ ಅನ್ಸತ್ತೆ. ನಂಗೆ ಕಾಯಿಲೆ ಇದೆ ಮೇಡಂ, ಮರೆವಿಂದು. ಮೊದ್ಲೇ ಹೇಳಿ ಅಂತ ಈ ಹುಡುಗಿ ಹೇಳಿದ್ಲು, ನಾನು ಗದರಿಸಿ ಕಳಿಸ್ಬಿಟ್ಟೆ. ಮೂರು ವರ್ಷದ ಕೆಲಸ ಸುಳ್ಳಲ್ಲ. ಇವಳು ಹೇಳ್ತಾಳೆ, ದಯವಿಟ್ಟು ಕೇಳಿ."

ಅಷ್ಟು ಹೇಳಿ ಅವರು ಎಲ್ಲರಿಗೂ ಕೈಮುಗಿದು ಹೊರಗೆ ಹೋದರು. ಜಗದಾಂಬಾ ತಮ್ಮ ಮುಂದಿದ್ದ ನೀರಿನ ಲೋಟವನ್ನು ಭುವನೇಶ್ವರಿಯ ಕಡೆ ಸರಿಸಿ, ನಿಧಾನವಾಗಿ ಶುರುಮಾಡು ಎಂದರು.

ಅವಳು ಹೇಗೆ ಮಾತಾಡಿದಳೋ ಅವಳಿಗೇ ಗೊತ್ತಿಲ್ಲ. ಇಂಗ್ಲಿಷ್ ಎರಡು ಕಡೆ ಮುರಿದುಬಿತ್ತು, ಒಂದು ಕಡೆ ಗಜೇಂದ್ರಗಡದ ಕನ್ನಡವೇ ನುಗ್ಗಿ ಬಂತು. ಪರಾಗದ ವಿಷಯಕ್ಕೆ ಬಂದಾಗ ಮಾತ್ರ ಮಾತು ಸರಾಗವಾಯಿತು. ಹೊಂಗೆಯ ಪಾಲು ಹೇಳಿದಳು. ಯಾವ ಮರ ಹೋದರೆ ಬೇಸಿಗೆಯಲ್ಲಿ ಹೆಜ್ಜೇನಿಗೆ ಆಹಾರ ಇಲ್ಲದಂತಾಗುತ್ತದೆ ಎಂದು ಹೇಳಿದಳು. ಪ್ರಶ್ನೆಗಳು ಬಂದವು, ಗೊತ್ತಿದ್ದದ್ದಕ್ಕೆ ಉತ್ತರಿಸಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು.

ಮುಗಿಸಿ ಹೊರಗೆ ಬಂದರೆ ಕಾರಿಡಾರಿನಲ್ಲಿ ರುದ್ರಮುನಿಯವರಿರಲಿಲ್ಲ.

ಲ್ಯಾಬಿನಲ್ಲಿ ಇರಲಿಲ್ಲ, ಅವರ ಕೋಣೆಯಲ್ಲಿ ಫೋನು ಮೇಜಿನ ಮೇಲೇ ಬಿದ್ದಿತ್ತು. ಕ್ಯಾಂಟೀನು, ಲೈಬ್ರರಿ, ಗಾರ್ಡನ್ನು. ಬಿಳಿ ಅಂಗಿ ತೊಟ್ಟ ಜೇನು ಮೇಷ್ಟ್ರು ನಡೆದುಕೊಂಡು ರಸ್ತೆಯ ಕಡೆ ಹೋದರೆಂದು ಗೇಟಿನ ಸೆಕ್ಯೂರಿಟಿಯವನು ಹೇಳಿದ. ಮೈಸೂರು ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವಳಿಗೆ ಸಮಿತಿ, ಸ್ಪೇನು, ಪಿಎಚ್‌ಡಿ ಯಾವುದೂ ನೆನಪಿರಲಿಲ್ಲ. ಸತ್ಯವತಿಯವರಿಗೆ ಫೋನ್ ಮಾಡಿದಳು. ಅವರು ಹೊರಟೆ ಎಂದಷ್ಟೇ ಅಂದರು. ಅವಳು ಆಟೋ ಹಿಡಿದು ಮೆಟ್ರೋ ನಿಲ್ದಾಣ ನೋಡಿದಳು, ಕೆರೆಯ ದಂಡೆ ನೋಡಿದಳು. ರಸ್ತೆಯಲ್ಲಿ ಎಲ್ಲಿ ಜನ ಗುಂಪು ಕೂಡಿದ್ದರೂ ಕಣ್ಣು ಮುಚ್ಚಿಕೊಳ್ಳುವಂತಾಗುತ್ತಿತ್ತು, ಆದರೂ ಇಳಿದು ಹೋಗಿ ನೋಡುತ್ತಿದ್ದಳು. ಒಂದು ಕಡೆ ಎಳನೀರಿನ ಗಾಡಿ, ಇನ್ನೊಂದು ಕಡೆ ಕೆಟ್ಟು ನಿಂತ ಬೈಕು.

ಅವರು ಸಿಕ್ಕಿದ್ದು ಕೆಂಗೇರಿ ಬಸ್ ನಿಲ್ದಾಣದಲ್ಲಿ. ಬಿಡದಿಗೆ ಹೋಗುವ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕದಲ್ಲಿ ಬಿಳಿ ಅಂಗಿ ಕಂಡಿತು. ಅವಳು ಓಡಿ ಹತ್ತಿ ಅವರ ಪಕ್ಕ ಕೂತಳು. ಅವರು ತಿರುಗಿ ನೋಡಿದರು, ಅವಳ ಗುರುತು ಹತ್ತಿತು.

"ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡೆ," ಅಂದರು. "ಚೆನ್ನಾಗಿ ಹೇಳ್ದೆ. ಆಮೇಲೆ ಮನೆಗೆ ಹೋಗೋಣ ಅಂತ ಹೊರಟೆ. ಮನೆ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ ಭುವನಾ. ಕೇಳೋಕೆ ನಾಚಿಕೆ ಆಯ್ತು."

ಕೈಹಿಡಿದು ಇಳಿಸಿದಳು. ಸತ್ಯವತಿ ಬರುವವರೆಗೂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಆ ಕೈಯನ್ನು ಬಿಡದೆ ಕೂತಿದ್ದಳು. ಬಂದ ಸತ್ಯವತಿ ಗಂಡನ ಅಂಗಿಯ ಕಾಲರನ್ನು ಸರಿಮಾಡಿದರು, ಊಟ ಮಾಡಿಲ್ಲ ಅಲ್ಲವೇ ಎಂದು ಇಬ್ಬರನ್ನೂ ಸೇರಿಸಿ ಕೇಳಿದರು. ಆಗ ಭುವನೇಶ್ವರಿಗೆ ಅಳು ಬಂತು.

ಸಮಿತಿ ಪ್ರಾಜೆಕ್ಟನ್ನು ಕೇಳಿದ್ದಕ್ಕಿಂತ ಕಡಿಮೆ ಅವಧಿಗೆ ಮುಂದುವರಿಸಿತು, ರುದ್ರಮುನಿಯವರ ಬದಲು ಇನ್ನೊಬ್ಬ ಪ್ರಾಧ್ಯಾಪಕರ ಕೈಕೆಳಗೆ. ಮುಖ್ಯ ಸಂಶೋಧಕರು ಬದಲಾದದ್ದರಿಂದ ಆ ಸಲದ ತರಬೇತಿಯ ಸ್ಥಾನ ನಿಯಮದ ಪ್ರಕಾರ ತಪ್ಪಿಹೋಯಿತು. ಮುಂದಿನ ಸಲ ಅರ್ಜಿ ಹಾಕಬೇಕೆಂದು ಜಗದಾಂಬಾ ಅವರೇ ಫೋನ್ ಮಾಡಿ ಹೇಳಿದರು. ಹೊಸ ಗೈಡ್ ಒಳ್ಳೆಯವರೇ, ಆದರೆ ಜೇನಿನ ಬಗ್ಗೆ ಹೆಚ್ಚು ತಿಳಿದವರಲ್ಲ. ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಪರಾಗ ಗುರುತಿಸುವುದನ್ನು ಕಲಿಸುವ ಕೆಲಸ ಭುವನೇಶ್ವರಿಯ ಪಾಲಿಗೆ ಬಂತು. ಯಾವುದಾದರೂ ಹೆಸರು ತಟ್ಟನೆ ಹೊಳೆಯದಿದ್ದರೆ ಅವಳ ಎದೆ ಈಗಲೂ ಧಸಕ್ಕೆನ್ನುತ್ತದೆ. ಮುಂದಿನ ವರ್ಷದ ತರಬೇತಿಯ ಅರ್ಜಿಯನ್ನು ಅವಳು ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.