ಕೈ ನಡುಗಿದ್ದು ಯಾಕೆ

ಬಿಸಿಲುಗಾಲ ಶುರುವಾಗಿತ್ತು. ಹೊತ್ತು ಏರುವ ಮೊದಲೇ ಕುರಿಗಳ ಉಣ್ಣೆ ಕತ್ತರಿಸಿ ಮುಗಿಸಬೇಕು. ದೊಡ್ಡಿಯಲ್ಲಿ ಅಣ್ಣ ಎಂಟನೇ ಕುರಿಯ ಕಾಲು ಕಟ್ಟುತ್ತಿದ್ದ. ತಮ್ಮ ಇನ್ನೂ ಮೊದಲನೆಯದರಲ್ಲೇ ಇದ್ದ. ಅವನ ಕೈಯಲ್ಲಿ ಕತ್ತರಿ ಗಡಗಡ ನಡುಗುತ್ತಿತ್ತು.

"ತಗೋ, ಅರ್ಧ ಲೋಟ ಹಾಕ್ಕೋ. ಕೈ ನಿಲ್ಲುತ್ತೆ," ಎಂದು ಅಣ್ಣ ಬಾಟಲಿ ಚಾಚಿದ. ಎರಡು ವರ್ಷದಿಂದ ಬೆಳಗಿನ ಕ್ರಮವೇ ಅದು. ಸಂಜೆಯಾದರೆ ಅದೇ ಅಣ್ಣ, "ಕುಡುಕ, ಮನೆ ಮಾನ ಕಳೆದೆ" ಎಂದು ಬೈಯುತ್ತಿದ್ದ.

ಆ ದಿನ ಲೋಟ ಕೈಗೆ ಬರುವ ಮುನ್ನವೇ ಕತ್ತರಿ ಜಾರಿ ತಮ್ಮನ ಅಂಗೈ ಸೀಳಿತು.

ಆರೋಗ್ಯ ಕೇಂದ್ರದಲ್ಲಿ ನರ್ಸಕ್ಕ ಹೊಲಿಗೆ ಹಾಕುತ್ತಾ ಕೇಳಿದಳು: "ನಿದ್ದೆ ಬರುತ್ತೇನಪ್ಪ?"

ತಮ್ಮ ತಲೆ ತಗ್ಗಿಸಿದ. "ಹೆಂಡ್ತಿ ತೀರಿಕೊಂಡಾಗಿಂದ ಇಲ್ಲಕ್ಕ. ಎದೆ ಡವಡವ ಅನ್ನುತ್ತೆ. ಯಾಕಾದ್ರೂ ಬದುಕಿದೀನೋ ಅನ್ಸುತ್ತೆ."

"ಅದಕ್ಕೂ ಮೊದಲೇ ಕುಡೀತಿದ್ಯಾ?"

"ಇಲ್ಲ. ಮೊದಲು ನಿದ್ದೆ ಹೋಯ್ತು. ಬಾಟಲಿ ಆಮೇಲೆ ಬಂತು."

"ಕುಡುಕನಿಗೆ ನೆಪ ನೂರು," ಅಣ್ಣ ಗೊಣಗಿದ. "ಹೋದ ವರ್ಷ ಕೂಡಿಹಾಕಿ ಕುಡಿತ ಬಿಡಿಸಿದ್ವಿ. ಇಪ್ಪತ್ತು ದಿನ ಗೋಡೆ ನೋಡ್ತಾ ಕೂತ. ಕೆಲಸಕ್ಕೆ ಎಬ್ಬಿಸೋಕೆ ನಾನೇ ಮತ್ತೆ ಹಾಕ್ಕೊಟ್ಟೆ."

ನರ್ಸಕ್ಕ ಅಣ್ಣನತ್ತ ತಿರುಗಿದಳು. "ಭೇಷ್! ಬೆಂಕಿ ಆರಿಸೋಕೆ ಸೀಮೆಎಣ್ಣೆ ಸುರಿದೆ. ನೋಡು, ಕಾಯಿಲೆ ಒಂದಲ್ಲ, ಎರಡಿರೋ ಹಾಗಿದೆ. ಮನಸ್ಸಿಂದು ಒಂದು, ಕುಡಿತ ಇನ್ನೊಂದು. ಒಂದಕ್ಕೆ ಔಷಧಿ ಮಾಡದೆ ಬಿಟ್ರೆ ಅದು ಇನ್ನೊಂದನ್ನ ಕೈ ಹಿಡಿದು ಕರ್ಕೊಂಡು ಬರುತ್ತೆ. ಎರಡಕ್ಕೂ ಒಟ್ಟಿಗೇ ಔಷಧಿ ಆಗ್ಬೇಕು. ಮನೇಲಿ ಕೂಡಿಹಾಕಿ ದಿಢೀರಂತ ನಿಲ್ಲಿಸ್ಬೇಡ, ಫಿಟ್ಸ್ ಬಂದು ಜೀವಕ್ಕೇ ಕುತ್ತಾದೀತು. ಇವತ್ತೇ ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರ ಹತ್ರ ಕರ್ಕೊಂಡು ಹೋಗು."

"ಹುಚ್ಚರ ಡಾಕ್ಟರ ಹತ್ರಾನಾ? ಊರು ಏನಂದೀತು?"

"ಈಗೇನು ಊರು ಹಾಡಿ ಹೊಗಳ್ತಿದ್ಯಾ?"

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹತ್ತಿದರು.

ಆರು ತಿಂಗಳು ಮಾತ್ರೆ, ಡಾಕ್ಟರ ಜೊತೆ ಮಾತು, ಮತ್ತೆ ಮತ್ತೆ ಅದೇ ಬಸ್ಸು. ನಡುವೆ ಒಮ್ಮೆ ತಮ್ಮ ಮತ್ತೆ ಕುಡಿದ. ಅಣ್ಣ ಬೈಯಲಿಲ್ಲ, ಮರುದಿನವೇ ಆಸ್ಪತ್ರೆಗೆ ಕರೆದೊಯ್ದ.

ಮುಂದಿನ ಸಲ ಉಣ್ಣೆ ಕತ್ತರಿಸುವಾಗ ತಮ್ಮ ಒಂದು ಗೀರೂ ಬೀಳದಂತೆ ಒಂದು ಕುರಿ ಮುಗಿಸಿದ. ಕತ್ತರಿ ಒರೆಸುತ್ತಾ ಹೇಳಿದ:

"ಅಣ್ಣಾ, ಎರಡು ವರ್ಷ ಕೈ ನಡುಗುತ್ತೆ ಅಂತ ಸುರಿದು ಕೊಟ್ಟೆ. ಯಾಕೆ ನಡುಗುತ್ತೆ ಅಂತ ಒಂದಿನಾನೂ ಕೇಳ್ಲಿಲ್ಲ."

ಅಣ್ಣ ಮುಂದಿನ ಕುರಿಯ ಕಾಲು ಕಟ್ಟತೊಡಗಿದ.

ನಿಮ್ಮ ಮನೆಯಲ್ಲಿ ಕುಡಿಯುವವರಿದ್ದಾರೆಯೇ? ಬೈಯುವ ಮುನ್ನ ಪಕ್ಕದಲ್ಲಿ ಕುಳಿತು ಕೇಳಿ: ನಿದ್ದೆ ಬರುತ್ತಾ, ಏನು ಕಾಡುತ್ತಿದೆ? ಬದುಕು ಸಾಕೆಂದರೆ ಒಂಟಿಯಾಗಿ ಬಿಡಬೇಡಿ. ಕುಡಿತವನ್ನೂ ಸಂಕಟವನ್ನೂ ಡಾಕ್ಟರ ಮುಂದೆ ಒಟ್ಟಿಗೇ ಹೇಳಿ. ಆ ಅಣ್ಣ ಕೇಳದೆ ಉಳಿದದ್ದನ್ನು ನೀವು ಇವತ್ತೇ ಕೇಳಿ.